ಬೇಸಿಗೆಯಲ್ಲೂ ನಮ್ಮ ಸಭೆಯ ಬಾಗಿಲು ಯಾಕೆ ತೆರೆದಿರುತ್ತದೆ?

"ಮೇ ತಿಂಗಳಲ್ಲಿ ನಿಮ್ಮ ಚರ್ಚಿಗೆ ಹದಿನೈದು ಜನಾನೂ ಬರಲ್ಲ. ಎರಡು ತಿಂಗಳು ಬಾಗಿಲು ಹಾಕಿದ್ರೆ ಆಗಲ್ವಾ?"

ಯುಗಾದಿ ದಾಟುತ್ತಿದ್ದಂತೆ ಈ ಪ್ರಶ್ನೆ ಶುರುವಾಗುತ್ತದೆ. ಕಾರವಾರದ ಕಾಜುಬಾಗದಲ್ಲಿ ನಮ್ಮ ಪಕ್ಕದ ಮನೆಯವರು ಕೇಳುತ್ತಾರೆ. ಆಫೀಸಿನಲ್ಲಿ ಕೇಳುತ್ತಾರೆ. ಬೆಳಗಾವಿಯಲ್ಲಿರುವ ನಮ್ಮ ಅತ್ತೆ ಪ್ರತಿ ಫೋನಿನಲ್ಲೂ ಹೇಳುತ್ತಾರೆ, "ರಜಾ ಹಾಕಿ ಬರ್ರಿ. ಇಲ್ಲೇನು ದೇವರಿಲ್ಲೇನ?" ಯಾರೂ ಕೆಟ್ಟ ಮನಸ್ಸಿನಿಂದ ಕೇಳುವುದಿಲ್ಲ. ನಾನು ಇಷ್ಟು ವರ್ಷ ನಕ್ಕು ಸುಮ್ಮನಾಗುತ್ತಿದ್ದೆ. ಈ ಸಲ ಕೂತು ಬರೆಯೋಣ ಅನ್ನಿಸಿತು.

ಮೊದಲು ನಾವು ಯಾರು ಎಂದು ಹೇಳಬೇಕು. ಕಾರವಾರದಲ್ಲಿ ಕ್ರೈಸ್ತರು ಎಂದರೆ ಎಲ್ಲರಿಗೂ ನೆನಪಾಗುವುದು ಕೊಂಕಣಿ ಮಾತಾಡುವ ಕ್ಯಾಥೊಲಿಕರು. ಅವರು ತಲೆಮಾರುಗಳಿಂದ ಈ ಕರಾವಳಿಯವರು. 1976ರಿಂದ ಕಾರವಾರವೇ ಅವರ ಒಂದು ಧರ್ಮಪ್ರಾಂತ್ಯ, ಅಂದರೆ ಒಬ್ಬ ಬಿಷಪ್ಪರ ಆಡಳಿತದ ಪ್ರದೇಶ. ನಾವು ಮೆಥೋಡಿಸ್ಟರು, ಅಂದರೆ ಇಂಗ್ಲೆಂಡಿನ ಬೋಧಕ ಜಾನ್ ವೆಸ್ಲಿಯವರಿಂದ ಶುರುವಾದ ಪ್ರಾಟೆಸ್ಟೆಂಟ್ ಪಂಗಡದವರು. ಘಟ್ಟ ಇಳಿದು ಕೆಲಸಕ್ಕೆ ಬಂದವರು. ಕೈಗಾ ಅಣುವಿದ್ಯುತ್ ಸ್ಥಾವರದವರಿದ್ದಾರೆ, ನೌಕಾನೆಲೆಯವರಿದ್ದಾರೆ, ಸರಕಾರಿ ಆಫೀಸಿನವರಿದ್ದಾರೆ. ಹೆಚ್ಚಿನವರ ಮೂಲ ಬೆಳಗಾವಿ, ಬೀದರ್, ಕಲಬುರಗಿ. ಬೆಳಗಾವಿಯಲ್ಲಿ ಮೊದಲಿದ್ದದ್ದು ಲಂಡನ್ ಮಿಷನ್ ಎಂಬ ಇಂಗ್ಲೆಂಡಿನ ಮಿಷನರಿ ಸಂಘ. 1904ರಲ್ಲಿ ಅದು ಅಲ್ಲಿನ ಸಭೆಗಳನ್ನು ಅಮೆರಿಕದ ಮೆಥೋಡಿಸ್ಟರಿಗೆ ಒಪ್ಪಿಸಿತು. ನಮ್ಮ ಮನೆಯವರು ಆ ಸಾಲಿನವರು. ಹಳೇ ಮೈಸೂರಿನ ವೆಸ್ಲಿಯನ್ ಸಭೆಗಳು, ಅಂದರೆ ಇಂಗ್ಲೆಂಡಿನ ಮೆಥೋಡಿಸ್ಟರ ಸಭೆಗಳು, 1947ರಲ್ಲಿ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಜೊತೆ ಸೇರಿಕೊಂಡವು. ಅದಕ್ಕೇ ಮೈಸೂರು ಕಡೆಯಿಂದ ವರ್ಗವಾಗಿ ಬಂದವರು "ನಾವೂ ನೀವೂ ಒಂದೇ ಬೇರು ಅಲ್ವಾ?" ಎನ್ನುತ್ತಾ ನಮ್ಮ ಜೊತೆ ಕೂರುತ್ತಾರೆ. ನಿಜ, ಒಂದೇ ಬೇರು.

ಒಟ್ಟು 18 ಮನೆ. ಗೋಪುರ, ಗಂಟೆ ಏನೂ ಇಲ್ಲ. ಒಂದು ಕಟ್ಟಡದ ಮೇಲಿನ ಬಾಡಿಗೆ ಹಾಲು, ತಗಡಿನ ಮಾಡು, 60 ಪ್ಲಾಸ್ಟಿಕ್ ಕುರ್ಚಿ. ಪಾಸ್ಟರ್ ತಿಂಗಳಿಗೊಮ್ಮೆ ಘಟ್ಟದ ಮೇಲಿನಿಂದ ಅಣಶಿ ಘಾಟಿನ ಬಸ್ಸಿನಲ್ಲಿ ಬರುತ್ತಾರೆ. ಅವತ್ತು ಕರ್ತನ ಭೋಜನ, ಅಂದರೆ ಯೇಸುವಿನ ಕೊನೆಯ ಊಟವನ್ನು ನೆನೆಯುವ ವಿಧಿ, ಇರುತ್ತದೆ. ಉಳಿದ ರವಿವಾರಗಳಲ್ಲಿ ನಾವೇ ಆರಾಧನೆ ನಡೆಸುತ್ತೇವೆ. ಇದು ನಮ್ಮಲ್ಲಿ ಹೊಸದಲ್ಲ. ಒಬ್ಬ ಬೋಧಕರಿಗೆ ಹಲವು ಊರು, ಅವರು ಕುದುರೆ ಮೇಲೆ ಸುತ್ತುತ್ತಾ ಬರುವವರೆಗೆ ಊರಿನವರೇ ಸಭೆ ನಡೆಸುವುದು: ಮೆಥೋಡಿಸ್ಟರ ಕ್ರಮ ಶುರುವಿನಿಂದಲೂ ಹೀಗೇ.

ಈಸ್ಟರ್ ದಿನ ನಮಗೆ ಕುರ್ಚಿ ಸಾಲುವುದಿಲ್ಲ. ಅದಾದ ಮೇಲೆ ಶಾಲೆಗೆ ರಜೆ ಬಿತ್ತು ಎಂದರೆ ವಾರಕ್ಕೆ ಎರಡು ಮೂರು ಮನೆಯಂತೆ ಖಾಲಿಯಾಗುತ್ತವೆ. ಮಕ್ಕಳನ್ನು ಅಜ್ಜಿ ಮನೆಗೆ ಬಿಡಬೇಕು, ಊರಲ್ಲಿ ಮದುವೆ ಇರುತ್ತದೆ. ಹೋಗಲೇಬೇಕು. ಮೇ ಎರಡನೇ ವಾರಕ್ಕೆ ಹನ್ನೆರಡು ಹದಿಮೂರು ಜನ ಉಳಿದಿರುತ್ತೇವೆ.

ಸೆಕೆಯ ಬಗ್ಗೆ ಹೇಳದಿದ್ದರೆ ಬೇಸಿಗೆಯ ಆರಾಧನೆ ನಿಮಗೆ ಅರ್ಥವಾಗದು. ಕಲಬುರಗಿಯಲ್ಲಿ 42 ಡಿಗ್ರಿ ಬಿಸಿಲು ಕಂಡವರೂ ಇಲ್ಲಿನ 34ಕ್ಕೆ ಸೋಲುತ್ತಾರೆ. ಬೆವರು ಆರುವುದೇ ಇಲ್ಲ. ಸಮುದ್ರ ಕೂಗಳತೆಯಲ್ಲಿದೆ, ಆದರೆ ಬೆಳಿಗ್ಗೆ ಅದರ ಗಾಳಿ ನಮಗೆ ಸಿಗುವುದಿಲ್ಲ. ನೆಲ ಚೆನ್ನಾಗಿ ಕಾದ ಮೇಲೇ ಕಡಲ ಗಾಳಿ ಏಳುವುದು, ಅಷ್ಟರಲ್ಲಿ ತಗಡು ಕಾದ ಹಂಚಾಗಿರುತ್ತದೆ. ಹಾಗಾಗಿ ಏಪ್ರಿಲ್‌ನಿಂದ ಆರಾಧನೆ ಒಂಬತ್ತೂವರೆ ಬದಲು ಏಳಕ್ಕೆ. ಕುರ್ಚಿಗಳನ್ನು ಸಾಲಾಗಿ ಹಾಕುವುದಿಲ್ಲ. ಕಿಟಕಿಗಳ ಹತ್ತಿರ ಅರ್ಧಚಂದ್ರದ ಹಾಗೆ ಹಾಕುತ್ತೇವೆ.

ಕೀಬೋರ್ಡ್ ನುಡಿಸುವ ಹುಡುಗ ಕಾಲೇಜು ಮುಗಿಸಿ ಊರಿಗೆ ಹೋಗಿರುತ್ತಾನೆ. ಅವನಿದ್ದರೂ ಕರೆಂಟ್ ಇರುತ್ತದೆ ಎಂಬ ನಂಬಿಕೆ ಇಲ್ಲ. ಆಗ ಬೀದರ್ ಕಡೆಯ ದೊಡ್ಡಮ್ಮ ಒಬ್ಬರು ತಾಳ ಹಿಡಿಯುತ್ತಾರೆ. ಅವರಿಗೆ ಸಂಗೀತದ ಪುಸ್ತಕ ಬೇಡ, ಓದಲೂ ಬರುವುದಿಲ್ಲ. ಭಜನೆಯ ಧಾಟಿಯಲ್ಲಿ ಒಂದು ಸಾಲು ಅವರು ಹೇಳಿದರೆ ನಾವು ಅದನ್ನೇ ತಿರುಗಿ ಹೇಳಬೇಕು. ವರ್ಷದ ಹತ್ತು ತಿಂಗಳು ಮೂಲೆಯಲ್ಲಿ ಸುಮ್ನೆ ಕೂರುವ ಹೆಂಗಸು ಬೇಸಿಗೆಯಲ್ಲಿ ಇಡೀ ಸಭೆಯನ್ನು ಹಾಡಿಸುತ್ತಾರೆ. ಆ ಹಾಡು ಕೇಳಿದಾಗ, ಜೂನ್ ಬಂದ ಮೇಲೆ ಇವರನ್ನು ಮತ್ತೆ ಮೂಲೆಗೆ ಕಳಿಸುತ್ತೇವಲ್ಲ ಎಂದು ನನಗೆ ಬೇಸರವಾಗುತ್ತದೆ. ಇದನ್ನು ಸಭೆಯಲ್ಲೂ ಹೇಳಿದ್ದೇನೆ. ಈಗ ತಿಂಗಳಿಗೆ ಒಂದು ರವಿವಾರ ಅವರದೇ.

"ಇಬ್ಬರು ಮೂವರು ಕೂಡಿದಲ್ಲಿ ದೇವರಿದ್ದಾನೆ ಅಂತ ನಿಮ್ಮ ಸತ್ಯವೇದದಲ್ಲೇ ಇದೆಯಲ್ಲ" ಎಂದು ಕೆಲವರು ಸಮಾಧಾನ ಹೇಳುತ್ತಾರೆ. ಇದೆ, ಮತ್ತಾಯ 18ನೇ ಅಧ್ಯಾಯದಲ್ಲಿ. ಆದರೆ ಅದಕ್ಕೆ ಸ್ವಲ್ಪ ಮೇಲೆ ಏನಿದೆ ನೋಡಿ: ನಿನ್ನ ಸಹೋದರ ನಿನಗೆ ತಪ್ಪು ಮಾಡಿದರೆ ಮೊದಲು ನೀನೊಬ್ಬನೇ ಹೋಗಿ ಅವನ ಹತ್ತಿರ ಮಾತಾಡು ಎಂದಿದೆ. ಜಗಳ ತೀರಿಸಿಕೊಳ್ಳುವ ಮಾತಿನ ಬೆನ್ನಿಗೇ ಆ ಇಬ್ಬರು ಮೂವರ ಮಾತು ಬರುತ್ತದೆ. ಇದರ ಅರ್ಥ ನನಗೆ ಆದದ್ದು ಒಂದು ಬೇಸಿಗೆಯಲ್ಲೇ. ಬಾಡಿಗೆ ಲೆಕ್ಕದ ವಿಷಯಕ್ಕೆ ನಮ್ಮ ಎರಡು ಮನೆಗಳ ಹಿರಿಯರು ಮಾತು ಬಿಟ್ಟಿದ್ದರು. 60 ಜನ ಇದ್ದಾಗ ಒಬ್ಬರು ಮುಂದೆ ಕೂತರೆ ಇನ್ನೊಬ್ಬರು ಹಿಂದೆ, ಹೇಗೋ ನಡೆಯುತ್ತಿತ್ತು. ಆ ಮೇ ತಿಂಗಳಲ್ಲಿ ಇದ್ದದ್ದು ಹತ್ತು ಜನ. ಕಿಟಕಿಗಳು ಎರಡು. ಮೂರನೇ ವಾರ ಒಬ್ಬರು ಎದ್ದು ಇನ್ನೊಬ್ಬರಿಗೆ ನೀರಿನ ಚೊಂಬು ಕೊಟ್ಟರು. ಅವರು ತೆಗೆದುಕೊಂಡು ಕುಡಿದರು. ನಾಲ್ಕನೇ ವಾರ ಇಬ್ಬರೂ ಒಂದೇ ಸ್ಕೂಟರಿನಲ್ಲಿ ಬಂದರು.

ಮೇ 24 ನಮಗೆ ಮುಖ್ಯವಾದ ದಿನ. 1738ರಲ್ಲಿ ಅದೇ ದಿನ ಸಂಜೆ ಜಾನ್ ವೆಸ್ಲಿ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಸಣ್ಣ ಕೂಟಕ್ಕೆ ಹೋದರು. ಹೋಗಲು ಚೂರೂ ಮನಸ್ಸಿರಲಿಲ್ಲ ಎಂದು ಅವರೇ ದಿನಚರಿಯಲ್ಲಿ ಬರೆದಿದ್ದಾರೆ. ಸತ್ಯವೇದದಲ್ಲಿ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆ, ಅಂದರೆ ಕಾಗದ, ಇದೆ. ಅದಕ್ಕೆ ಪ್ರಾಟೆಸ್ಟೆಂಟ್ ಸುಧಾರಕ ಲೂಥರ್ ಬರೆದ ಮುನ್ನುಡಿಯನ್ನು ಅಲ್ಲಿ ಯಾರೋ ಒಬ್ಬರು ಓದುತ್ತಿದ್ದರು. ರಾತ್ರಿ ಒಂಬತ್ತಕ್ಕೆ ಹದಿನೈದು ನಿಮಿಷ ಇರುವಾಗ ವೆಸ್ಲಿಯವರ ಎದೆ ಬೆಚ್ಚಗಾಯಿತು. ಅವರು ಆಗಲೇ ಬೋಧಕರಾಗಿದ್ದರು, ಆದರೆ ಒಳಗೆ ಬಳಲಿಹೋಗಿದ್ದರು. ಓದಿದವರ ಹೆಸರನ್ನು ಅವರು ಬರೆದಿಲ್ಲ. ಪ್ರತಿ ವರ್ಷ ಮೇ 24ರಂದು ನಾವು ಯಾರದಾದರೂ ಮನೆಯ ತಾರಸಿಯಲ್ಲಿ ಸೇರಿ ಆ ಪತ್ರಿಕೆಯ ಒಂದು ಅಧ್ಯಾಯ ಓದುತ್ತೇವೆ. ನನಗೆ ಆಗ ನೆನಪಾಗುವುದು ಹೆಸರಿಲ್ಲದ ಆ ಓದುಗರು. ಅವತ್ತು ಜನ ಕಡಿಮೆ ಎಂದು ಅವರು ಪುಸ್ತಕ ಮುಚ್ಚಿದ್ದರೆ?

ಊಟದ ವಿಷಯ ಸಂತೋಷದಿಂದ ಹೇಳುತ್ತೇನೆ. ಬೇಸಿಗೆಯಲ್ಲಿ ಆರಾಧನೆ ಮುಗಿದ ಮೇಲೆ ಯಾರೂ ತಕ್ಷಣ ಮನೆಗೆ ಹೋಗುವುದಿಲ್ಲ. ಬೆಳಗಾವಿಯವರ ಬುತ್ತಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿ. ಕೋಕಂ ಶರಬತ್ತು ಒಂದು ದೊಡ್ಡ ಪಾತ್ರೆಯಲ್ಲಿ. ಅಂಕೋಲಾದ ಕರಿ ಇಶಾಡ ಮಾವು ಬಂದಿತು ಎಂದರೆ ಮಕ್ಕಳನ್ನು ಹಿಡಿಯುವುದೇ ಕಷ್ಟ. ಜೂನ್ 1ರಿಂದ 61 ದಿನ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಅದಕ್ಕೇ ಮೇ ಕೊನೆಯ ವಾರ ಬೈತಖೋಲ ಬಂದರಿನಿಂದ ಬಂಗಡೆ ತಂದು ಸಾರು ಮಾಡುತ್ತೇವೆ. ಪವಿತ್ರಾತ್ಮ ಇಳಿದು ಬಂದದ್ದನ್ನು ನೆನೆಯುವ ಪಂಚಾಶತ್ತಮ ಹಬ್ಬ ಬರುವುದೂ ಹೆಚ್ಚಾಗಿ ಇದೇ ಹೊತ್ತಿಗೆ, ಈಸ್ಟರ್ ಆದ ಐವತ್ತನೇ ದಿನ. ಅವತ್ತು ನಾವು ಪ್ರೀತಿಭೋಜನ ಮಾಡುತ್ತೇವೆ. ಮೊರಾವಿಯನ್ನರು ಎಂಬ ಇನ್ನೊಂದು ಪ್ರಾಟೆಸ್ಟೆಂಟ್ ಪಂಗಡದವರಿಂದ ವೆಸ್ಲಿ ಕಲಿತ ಪದ್ಧತಿ ಇದು. ರೊಟ್ಟಿ ಮತ್ತು ನೀರು, ಅಷ್ಟೇ. ರೊಟ್ಟಿ ಮುರಿದು ಪಕ್ಕದವರಿಗೆ ಕೊಟ್ಟು, ಈ ವರ್ಷ ತಮಗೆ ಏನಾಯಿತು ಎಂದು ಒಬ್ಬೊಬ್ಬರೂ ಹೇಳಬೇಕು. 60 ಜನರಲ್ಲಿ ಇದು ಸಾಧ್ಯವಿಲ್ಲ. ಹನ್ನೆರಡು ಜನರಲ್ಲಿ ಎರಡು ಗಂಟೆ ಹಿಡಿಯುತ್ತದೆ, ಯಾರೂ ಗಡಿಯಾರ ನೋಡುವುದಿಲ್ಲ.

ಇಷ್ಟು ಹೇಳಿದರೂ ಪ್ರಶ್ನೆಗೆ ಉತ್ತರ ಬಂದಿಲ್ಲ. ಒಂದು ವರ್ಷ ನಾವು ನಿಜವಾಗಿಯೂ ಬಾಗಿಲು ಹಾಕಿದ್ದೆವು.

ಆ ವರ್ಷ ಚಾವಿ ನನ್ನ ಹತ್ತಿರ ಇತ್ತು. ಉಳಿದದ್ದು ಎಂಟೇ ಜನ. ನನಗೂ ಊರಿಗೆ ಹೋಗುವುದಿತ್ತು. ಮೂರು ರವಿವಾರ ಬೇಡ ಎಂದು ನಾನೇ ಹೇಳಿದೆ, ಎಲ್ಲರೂ ಒಪ್ಪಿದರು. ಜೂನ್‌ನಲ್ಲಿ ಬಾಗಿಲು ತೆಗೆದ ದಿನ ಒಂದು ಕುಟುಂಬ ಮೆಟ್ಟಿಲ ಹತ್ತಿರ ನಿಂತಿತ್ತು. ಗಂಡ, ಹೆಂಡತಿ, ಎರಡು ಮಕ್ಕಳು. ಚಿತ್ತಾಪುರ ಕಡೆಯವರು, ರಸ್ತೆ ಕೆಲಸಕ್ಕೆ ಬಂದು ಶೆಡ್ಡಿನಲ್ಲಿದ್ದರು. ಊರಲ್ಲಿ ಅವರದೂ ಮೆಥೋಡಿಸ್ಟ್ ಸಭೆ. ಮಳೆ ಹಿಡಿದಿತ್ತು, ಕೆಲಸ ಮುಗಿಸಿ ಮಾರನೇ ದಿನ ಊರಿಗೆ ಹೊರಟವರು.

"ಅಕ್ಕಾರ, ಮೂರ್ ವಾರ ಬಂದೀವ್ರಿ. ಬಾಗ್ಲಾ ಹಾಕಿತ್ತು" ಎಂದಳು ಅವಳು. ಸಿಟ್ಟಿನಿಂದ ಹೇಳಲಿಲ್ಲ. ಸಣ್ಣ ಮಗುವಿಗೆ ಜ್ವರ ಬಂದು ಆಸ್ಪತ್ರೆಯಲ್ಲಿಟ್ಟಿದ್ದರಂತೆ. ಊರು ಹೊಸದು, ಯಾರ ಗುರುತೂ ಇಲ್ಲ. ಪ್ರಾರ್ಥನೆ ಮಾಡಿಸೋಣ, ಯಾರಾದರೂ ನಮ್ಮವರು ಸಿಗುತ್ತಾರೆ ಎಂದು ಬಂದಿದ್ದರು. ಮೆಟ್ಟಿಲ ಮೇಲೆ ಕೂತು, ತಾವೇ ಪ್ರಾರ್ಥನೆ ಮಾಡಿಕೊಂಡು ಹೋಗಿದ್ದರು. ಮಗು ಹುಷಾರಾಗಿತ್ತು, ದೇವರ ದಯೆ. ಆದರೂ ಆ ಮೆಟ್ಟಿಲು ಹತ್ತುವಾಗಲೆಲ್ಲ ನನಗೆ ಅವಳ ಮುಖ ಕಾಣುತ್ತದೆ.

ಬೇಸಿಗೆಯಲ್ಲಿ ಯಾರು ಉಳಿಯುತ್ತಾರೆ ಎಂದು ಆಮೇಲೆ ನಾನು ಗಮನಿಸಿ ನೋಡಿದೆ. ರಜೆ ಇಲ್ಲದವರು ಉಳಿಯುತ್ತಾರೆ. ರೈಲು ಹತ್ತಲಾಗದ ಮುದುಕರು ಉಳಿಯುತ್ತಾರೆ. ಶಿಫ್ಟ್ ಬಿಡಲಾಗದವರು, ಬಾಣಂತನಕ್ಕೆ ಬಂದ ಹುಡುಗಿಯರು, ಹೋಗಲು ಊರೇ ಇಲ್ಲದವರು. ಅವರ ಜೊತೆ, ಮಳೆಗೆ ಮೊದಲು ಕೆಲಸ ಮುಗಿಸಬೇಕಾದ ಕೂಲಿಯವರು ಹೊಸದಾಗಿ ಬಂದಿರುತ್ತಾರೆ. ಬಾಗಿಲು ಹಾಕಿದರೆ ಅದು ಮುಚ್ಚುವುದು ಇವರಿಗೆ ಮಾತ್ರ. ಊರಿಗೆ ಹೋದ ನಮಗೆ ಅಲ್ಲಿ ಬೇರೆ ಚರ್ಚು ಇರುತ್ತದೆ, ಬೆಂಚಿನಲ್ಲಿ ಜಾಗವೂ ಇರುತ್ತದೆ.

ಕ್ಯಾಥೊಲಿಕರ ಚರ್ಚಿಗೆ ಕಳಿಸಬಹುದಲ್ಲ ಎನ್ನುತ್ತೀರಿ. ನಾವು ಹಬ್ಬಗಳಿಗೆ ಹೋಗುತ್ತೇವೆ, ಅವರೂ ಪ್ರೀತಿಯಿಂದ ಕರೆಯುತ್ತಾರೆ. ಆದರೆ ಮಗುವಿಗೆ ಜ್ವರ ಬಂದಾಗ ತಾಯಿಗೆ ತನ್ನ ಮಾತಿನಲ್ಲಿ, ತನಗೆ ಗೊತ್ತಿರುವ ಹಾಡಿನಲ್ಲಿ ಅಳಬೇಕು ಅನ್ನಿಸುತ್ತದೆ.

ನಮ್ಮ ಹಳೆಯ ಪದ್ಧತಿಯೊಂದನ್ನು ಆಮೇಲೆ ಮತ್ತೆ ಹಿಡಿದೆವು. 1742ರಲ್ಲಿ ಬ್ರಿಸ್ಟಲ್‌ನ ಮೆಥೋಡಿಸ್ಟರು ಕಟ್ಟಡದ ಸಾಲ ತೀರಿಸುವ ದಾರಿ ಹುಡುಕುತ್ತಿದ್ದರು. ವಾರಕ್ಕೆ ತಲಾ ಒಂದು ಪೆನ್ನಿ ಕೊಡೋಣ ಎಂದರು ಒಬ್ಬರು. ಬಡವರಿಂದ ಅದೂ ಆಗದು ಎಂದರು ಇನ್ನೊಬ್ಬರು. "ಹಾಗಾದರೆ ಅತಿ ಬಡವರಾದ ಹನ್ನೊಂದು ಜನರನ್ನು ನನ್ನ ಪಾಲಿಗೆ ಹಾಕಿ. ಅವರು ಕೊಡದಿದ್ದರೆ ನಾನೇ ಕೊಡುತ್ತೇನೆ" ಎಂದರು ಮೊದಲನೆಯವರು. ಹೀಗೆ ಹನ್ನೆರಡು ಜನರ ಗುಂಪುಗಳಾದವು. ವಾರ ವಾರ ಪೆನ್ನಿ ಕೇಳಲು ಮನೆಗೆ ಹೋದವರಿಗೆ ಮನೆಯ ಕಷ್ಟ ಕಂಡಿತು. ದುಡ್ಡಿನ ವಸೂಲಿ ಹೋಗಿ ಯೋಗಕ್ಷೇಮ ಕೇಳುವ ಕೂಟವಾಯಿತು.

ನಾವೂ ಈಗ ಏಪ್ರಿಲ್‌ನಲ್ಲಿ ಪಟ್ಟಿ ಮಾಡುತ್ತೇವೆ. ಊರಿಗೆ ಹೋಗುವವರು ಹೋಗುವ ಮೊದಲು ಉಳಿಯುವವರ ಮನೆಗೆ ಒಮ್ಮೆ ಹೋಗಿ ಬರಬೇಕು. ಗುರುವಾರ ಸಂಜೆ ಇಬ್ಬರು ಶೆಡ್ಡುಗಳ ಕಡೆ ನಡೆದು ಹೋಗುತ್ತಾರೆ. ಧರ್ಮಬೋಧನೆ ಮಾಡಲು ಹೋಗುವುದಲ್ಲ. ಮಕ್ಕಳಿಗೆ ಓ.ಆರ್.ಎಸ್. ಪೊಟ್ಟಣ, ಮಾವಿನ ಹಣ್ಣು ತೆಗೆದುಕೊಂಡು ಹೋಗಿ, ಆಸ್ಪತ್ರೆಗೆ ಹೋಗಬೇಕಾದರೆ ಜೊತೆಗೆ ಬರಲು ಜನ ಇದ್ದಾರೆ ಎಂದು ಫೋನ್ ನಂಬರ್ ಕೊಟ್ಟು ಬರುವುದು. ಯಾವ ಸಭೆಯವರು, ಯಾವ ದೇವರ ಭಕ್ತರು ಎಂದು ಕೇಳುವುದಿಲ್ಲ.

ಈ ವರ್ಷವೂ ಮೇ ತಿಂಗಳ ಚಾವಿ ನನ್ನ ಹತ್ತಿರ ಇರುತ್ತದೆ. ಅತ್ತೆಗೆ ಹೇಳಿದ್ದೇನೆ, ಜೂನ್‌ನಲ್ಲಿ ಬರುತ್ತೇನೆ ಎಂದು. "ಆತು, ಹಂಗಾರ ನಾನೇ ಬರ್ತೀನಿ. ನನಗೂ ಒಂದು ಕುರ್ಚಿ ಕಿಟಕಿ ಬಾಜೂಕ ಹಾಕು" ಎಂದಿದ್ದಾರೆ. ಆರಾಧನೆ ಏಳಕ್ಕೆ. ಆರೂವರೆಗೆ ಬಾಗಿಲು ತೆಗೆದಿರುತ್ತೇನೆ.