ನರ ಮಾನಿಟರಿಂಗ್ ಅಭ್ಯಾಸದ ಪೆಟ್ಟಿಗೆ: ನಾಲ್ಕನೇ ವಾರ, ತೀರ್ಥಹಳ್ಳಿ

ಬೆನ್ನೆಲುಬಿನಲ್ಲಿ ನರದ ಮೇಲಿನ ಒತ್ತಡ ಬಿಡಿಸುವ ಆಪರೇಷನ್‌ ನಡೆಯುವಾಗ ನರದ ಸಂಕೇತಗಳ ಪರದೆ ಕಾಯುವ ಟೆಕ್ನಿಷಿಯನ್ ತಪ್ಪು ಮಾಡಿ ಕಲಿಯಬೇಕಾದದ್ದು ಮೇಜಿನ ಮೇಲೆ, ರೋಗಿಯ ಮೇಲಲ್ಲ. ಈ ಪೆಟ್ಟಿಗೆ ಇರುವುದು ಅದಕ್ಕೇ. ಇದರ ಒಂದು ತಂತಿಯೂ ಮನುಷ್ಯರ ಮೈಗೆ ತಾಗಬಾರದು.

ಕಣಕಾಲಿನ ಒಳಗಂಟಿನ ಹಿಂದೆ ಟಿಬಿಯಲ್ ನರವನ್ನು ಪ್ರಚೋದಿಸಿದರೆ ಸುಮಾರು 37 ಮಿಲಿಸೆಕೆಂಡಿಗೆ ನೆತ್ತಿಯಲ್ಲಿ ಒಂದೆರಡು ಮೈಕ್ರೋವೋಲ್ಟ್‌ನ ಅಲೆ ಸಿಗುತ್ತದೆ. ಪೆಟ್ಟಿಗೆ ಅದನ್ನು ನಕಲು ಮಾಡುತ್ತದೆ. 2 ವೋಲ್ಟ್ ಅಲೆಯನ್ನು ಇಳಿಸಲು ಮೊದಲು ಹಾಕಿದ್ದು 1 ಮೆಗಾಓಮ್, 1 ಓಮ್ ರೆಸಿಸ್ಟರ್ ಜೋಡಿ. ಬೆಸುಗೆ, ಕನೆಕ್ಟರ್‌ಗಳ ರೆಸಿಸ್ಟೆನ್ಸೂ ಆ 1 ಓಮ್‌ಗೆ ಸೇರಿ ಲೆಕ್ಕ ಕೆಟ್ಟಿತು. ಈಗ ಎರಡು ಹಂತ, ಹಂತಕ್ಕೆ 100 ಕಿಲೋಓಮ್ ಮೇಲೆ, 100 ಓಮ್ ಕೆಳಗೆ. ತಲಾ ಸಾವಿರ ಪಟ್ಟು ಇಳಿದು 2 ಮೈಕ್ರೋವೋಲ್ಟ್ ಉಳಿಯುತ್ತದೆ.

ಈ ವಾರ ಪೂರ್ತಿ ಹೋದದ್ದು ಕರೆಂಟಿನ 50 ಹರ್ಟ್ಸ್ ಗದ್ದಲದ ಹಿಂದೆ. ಸೆಕೆಂಡಿಗೆ 5 ಸಲ ಪ್ರಚೋದಿಸಿ 300 ಅಲೆಗಳ ಸರಾಸರಿ ತೆಗೆದರೂ ಅದು ಕದಲಲಿಲ್ಲ. 50 ಅನ್ನು 5 ನಿಶ್ಶೇಷವಾಗಿ ಭಾಗಿಸುತ್ತದೆ. ಗದ್ದಲ ಪ್ರತಿ ಸಲವೂ ಒಂದೇ ಜಾಗದಲ್ಲಿ ಬಂದು ಕೂರುತ್ತದೆ. 4.7ಕ್ಕೆ ಬದಲಿಸಿದ ಮೇಲೆ ಅಲೆ ಸ್ವಚ್ಛವಾಗಿ ಎದ್ದಿತು. 300 ಅಲೆಗೆ 64 ಸೆಕೆಂಡು ಬೇಕು. ಅಂದರೆ ಪರದೆ ತೋರಿಸುವುದು ಕಳೆದ ಒಂದು ನಿಮಿಷದ ಸುದ್ದಿ. ಇದನ್ನು ಕಲಿಯುವವರು ಮರೆಯಲೇಬಾರದು.

ಎಲೆಕ್ಟ್ರೋಡ್‌ಗಳ ಬದಲಿಗೆ ಎರಡು ಕಡೆಯೂ 4.7 ಕಿಲೋಓಮ್ ಇದೆ. ಒಂದು ಕಡೆ 15 ಹಾಕಿದ ಕೂಡಲೇ ಗದ್ದಲ ಮತ್ತೆ ಉಕ್ಕಿತು. ಇಂಪೀಡೆನ್ಸ್ (ವಿದ್ಯುತ್ತಿಗೆ ಒಡ್ಡುವ ತಡೆ) ಕಡಿಮೆಯಿದ್ದರೆ ಸಾಲದು, ಎರಡೂ ಕಡೆ ಸಮವಿರಬೇಕು. ಜುಲೈ ಮಳೆಗೆ ಪಿನ್ನುಗಳು ಕಿಲುಬು ಹಿಡಿದಾಗ ಇದೇ ಏರುಪೇರು ತಾನಾಗಿಯೇ ಬರುತ್ತದೆ. ಹಾಗಾಗಿ ತಂತಿಗಳೆಲ್ಲ ಸಿಲಿಕಾ ಜೆಲ್ ಇಟ್ಟ ಬಿಗಿ ಡಬ್ಬಿಯಲ್ಲಿವೆ.

ಹೊಸದಾಗಿ ಎರಡು ತಿರುಗುಗುಂಡಿ ಸೇರಿವೆ. ಒಂದು ಅಲೆಯ ಎತ್ತರ ಇಳಿಸುತ್ತದೆ, ಇನ್ನೊಂದು ಅದನ್ನು 41 ಮಿಲಿಸೆಕೆಂಡಿಗೆ ತಳ್ಳುತ್ತದೆ. ಎತ್ತರ ಅರ್ಧಕ್ಕಿಳಿದರೆ ಅಥವಾ ಸಮಯ ಶೇ 10 ಹೆಚ್ಚಿದರೆ ಎಚ್ಚರಿಕೆ ಕೊಡುವುದು ರೂಢಿ. ಕೈಯ ನರದ ಅಲೆಯೂ ಜತೆಗೇ ಇಳಿದರೆ ಅರಿವಳಿಕೆ, ರಕ್ತದೊತ್ತಡ, ಮೈಯ ಉಷ್ಣತೆ ನೋಡಬೇಕು. ಒಂದೇ ಕಾಲಿನದು ಇಳಿದರೆ ಮೊದಲು ಸರ್ಜನ್‌ಗೆ ಹೇಳಿ, ಹೇಳುತ್ತಲೇ ಎಲೆಕ್ಟ್ರೋಡ್ ಪರೀಕ್ಷಿಸಬೇಕು.

ಟಿಬಿಯಲ್ ನರಕ್ಕೆ ಬೆನ್ನುಹುರಿಯ ಹಲವು ನರಬೇರುಗಳು ಕೂಡುವುದರಿಂದ ಎಲ್5 (ಸೊಂಟದ ಐದನೇ ನರಬೇರು) ಒಂದಕ್ಕೇ ಪೆಟ್ಟಾದರೆ ಈ ಅಲೆ ಅದನ್ನು ಮುಚ್ಚಿಹಾಕಬಹುದು. ಮುಂದಿನ ವಾರ ಮೊಣಕಾಲಿನ ಕೆಳಗಿನ ಮುಂಬದಿಯ ಸ್ನಾಯುವಿಗೆ ಇಎಂಜಿ (ಸ್ನಾಯುವಿನ ವಿದ್ಯುತ್ ಚಟುವಟಿಕೆ ದಾಖಲಿಸುವ) ಚಾನೆಲ್ ಜೋಡಿಸುವ ಕೆಲಸ.