1.20 ಅಂದರೂ ಒಂದೂವರೆ ಎಕರೆ, 1.50 ಅಂದರೂ ಒಂದೂವರೆ ಎಕರೆ

ಹೋದ ವರ್ಷ ಹನಿ ನೀರಾವರಿ ಪೈಪಿಗೆ ಇಂಡೆಂಟ್, ಅಂದರೆ ಎಷ್ಟು ಬೇಕು ಅನ್ನೋ ಬೇಡಿಕೆ, ಹಾಕಬೇಕಿತ್ತು. ತಿಪಟೂರು ಕಡೆಯಿಂದ ತೆಂಗಿನವರ ಪಟ್ಟಿ, ಪುತ್ತೂರು ಕಡೆಯಿಂದ ಅಡಿಕೆಯವರ ಪಟ್ಟಿ. ಎರಡರಲ್ಲೂ ‘ವಿಸ್ತೀರ್ಣ’ ಅಂತಲೇ ಕಾಲಂ. ಸಂಜೆಯೊಳಗೆ ಒಂದೇ ಶೀಟ್ ಬೇಕು ಅಂತ ಮೇಲಿನಿಂದ ಫೋನ್ ಮೇಲೆ ಫೋನ್. ಸೇರಿಸಿದೆ. ಸರ್ವೆ ನಂಬರ್ ಡೂಪ್ಲಿಕೇಟ್ ಇದೆಯಾ ನೋಡಿದೆ, ಸಾಲುಗಳ ಲೆಕ್ಕ ತಾಳೆ ಮಾಡಿದೆ, ಎಲ್ಲ ಸರಿ ಇತ್ತು. ಕಳಿಸಿದೆ.

ಮಾರ್ಚ್‌ನಲ್ಲಿ ತಿಪಟೂರಿನ ಫೀಲ್ಡ್ ಹುಡುಗ ಫೋನ್ ಮಾಡಿದ. ‘ಸಾರ್, ಪೈಪ್ ಸಾಲ್ತಿಲ್ಲ, ಯಜಮಾನ್ರು ತೋಟದಲ್ಲೇ ನಿಂತವ್ರೆ.’ ಶೀಟ್‌ನಲ್ಲಿ ಅವರದು 2.3 ಎಕರೆ, ಅಷ್ಟಕ್ಕೆ ಕಳಿಸಿದ್ದೆವು. ನೀವು ಹಾಸಿದ್ದೇ ತಪ್ಪಿರಬೇಕು, ಇನ್ನೊಮ್ಮೆ ನೋಡಿ ಅಂದುಬಿಟ್ಟೆ. ಆ ಮಾತು ಈಗಲೂ ಚುಚ್ಚುತ್ತದೆ. ಯಜಮಾನರೇ ಫೋನ್ ತಗೊಂಡರು. ‘ಪಹಣಿ ಕೈಯಾಗೇ ಐತೆ ಸ್ವಾಮಿ. ಎರಡು ಎಕರೆ ಮೂವತ್ತು ಗುಂಟೆ.’

ಅವರು ಲೈನಿನಲ್ಲೇ ಇದ್ದರು, ನಾನು ಏನೂ ಹೇಳದೆ ಕಾಲಂ ಇಳಿಸುತ್ತಾ ಹೋದೆ. ತಿಪಟೂರಿನವು 1.05, 3.12, 2.26, 1.38. ಚುಕ್ಕೆಯ ಮುಂದಿನ ಅಂಕಿ ಒಂದೂ 39 ದಾಟಿಲ್ಲ. ಪುತ್ತೂರಿನವು 1.50, 2.65, 0.90. ತಿಪಟೂರಿನವರು ಚುಕ್ಕೆಯ ಮುಂದೆ ಬರೆದದ್ದು ಗುಂಟೆ, ಎಕರೆಗೆ 40. ಪುತ್ತೂರಿನವರು ಬರೆದದ್ದು ಸೆಂಟ್ಸ್, ಎಕರೆಗೆ 100. ಯಜಮಾನರದು ಎರಡೂಮುಕ್ಕಾಲು ಎಕರೆ, ನಾನು ಲೆಕ್ಕ ಹಿಡಿದ 2.3 ಅಂದರೆ ಎರಡು ಎಕರೆ 12 ಗುಂಟೆ ಮಾತ್ರ. 18 ಗುಂಟೆಯ ಪೈಪನ್ನು ನಾನೇ ಕತ್ತರಿಸಿ ಹಾಕಿದ್ದೆ.

ಫಾರ್ಮುಲಾ ಹಾಕಿ ಸರಿ ಮಾಡೋಣ ಅಂದರೆ ಅದೂ ಆಗಲಿಲ್ಲ. ಎಕ್ಸೆಲ್ ಕೊನೆಯ ಸೊನ್ನೆ ನುಂಗಿತ್ತು. 2.3 ಅಂದರೆ 30 ಗುಂಟೆಯೋ, ಯಾರೋ 3 ಗುಂಟೆಯನ್ನೇ ಹಾಗೆ ಬರೆದಿದ್ದಾರೋ? ಒಂದೊಂದೇ ಪಹಣಿ ತೆಗೆದು ನೋಡಿದೆವು. ಅಲ್ಲಿ ಇನ್ನೊಂದು ತೊಡಕು, ಕೆಲವರು ಖರಾಬು, ಅಂದರೆ ಸಾಗುವಳಿಗೆ ಬಾರದ ಜಾಗ, ಸೇರಿಸಿ ಬರೆದಿದ್ದರು, ಕೆಲವರು ಕಳೆದು. ಪಟ್ಟಿ ಬರೆದವರಿಗೆ ಮೊದಲೇ ಒಂದು ಫೋನ್ ಮಾಡಿದ್ದರೆ ಐದು ನಿಮಿಷದ ಕೆಲಸ ಅಲ್ವಾ ಇದು? ಸಂಜೆಯೊಳಗೆ ಬೇಕು ಅಂದವರಿಗೆ ನಾಳೆ ಕೊಡ್ತೀನಿ ಅನ್ನಬೇಕಿತ್ತು, ಅನ್ನಲಿಲ್ಲ.

ಈಗ ನಮ್ಮ ಶೀಟ್‌ನಲ್ಲಿ ಎಕರೆಗೊಂದು ಕಾಲಂ, ಗುಂಟೆಗೊಂದು, ಸೆಂಟ್ಸ್‌ಗೊಂದು, ಖರಾಬಿಗೊಂದು. ತುಂಬುವವರು ಜಾಸ್ತಿ ಕೆಲಸ ಅಂತ ಗೊಣಗುತ್ತಾರೆ, ಗೊಣಗಲಿ.

ಯಜಮಾನರಿಗೆ ಬಾಕಿ ಪೈಪ್ ತಲುಪಲು 11 ದಿನ ಹಿಡಿಯಿತು. ಆ 18 ಗುಂಟೆಯಲ್ಲಿದ್ದದ್ದು ಹೊಸ ಸಸಿಗಳು. ಅಷ್ಟೂ ದಿನ ಮನೆಯವರೆಲ್ಲ ಸೇರಿ ಕೊಡದಲ್ಲಿ ನೀರು ಹೊತ್ತರಂತೆ.