ಪರವಾನಗಿ ಇಲ್ಲದೆ ಕಟ್ಟಿದ ಮನೆ ಕೆಡವಿದರೆ ತಪ್ಪೇನು?

ಪ್ಯಾಲೆಸ್ಟೀನಿಯರ ಮನೆಗಳನ್ನು ಇಸ್ರೇಲ್ ನೆಲಸಮ ಮಾಡಿದ ಸುದ್ದಿ ಬಂದಾಗಲೆಲ್ಲ ನಮಗೆ ಎದುರಾಗುವ ಪ್ರಶ್ನೆ ಇದು: "ಪರವಾನಗಿ ತಗೊಳ್ಳದೆ ಕಟ್ಟಿದ್ದರಂತೆ. ಬೆಂಗಳೂರಲ್ಲಿ ರಾಜಕಾಲುವೆ ಮೇಲಿನ ಮನೆ ಒಡೆಯಲ್ವಾ? ಇದರಲ್ಲಿ ಅಂತರರಾಷ್ಟ್ರೀಯ ಕಾನೂನು ಎಲ್ಲಿಂದ ಬಂತು?"

ಬಂದದ್ದು ಆ ನೆಲದ ಸ್ಥಿತಿಯಿಂದ. ಪೂರ್ವ ಜೆರುಸಲೇಮ್ ಸೇರಿದಂತೆ ವೆಸ್ಟ್ ಬ್ಯಾಂಕ್ 1967ರ ಜೂನ್‌ನಿಂದ ಆಕ್ರಮಿತ ಪ್ರದೇಶ. ಅಲ್ಲಿ ಇಸ್ರೇಲ್ ಅಧಿಕಾರ ನಡೆಸುತ್ತದೆ, ಆದರೆ ಆ ನೆಲಕ್ಕೆ ಅದು ಒಡೆಯನಲ್ಲ. ಯುದ್ಧದ ನಡವಳಿಕೆ ಕುರಿತ 1907ರ ಹೇಗ್ ನಿಯಮಾವಳಿಯ 43ನೇ ವಿಧಿಯಂತೆ, ಆಕ್ರಮಿಸಿದ ದೇಶ ತೀರಾ ಅಸಾಧ್ಯವಾದ ಹೊರತು ಮೊದಲಿದ್ದ ಕಾನೂನನ್ನೇ ಪಾಲಿಸಬೇಕು, ಅಲ್ಲಿನ ಜನಜೀವನ ಕಾಪಾಡಬೇಕು. ಹಾಗಾಗಿ ಪರವಾನಗಿ ಇತ್ತೇ ಎಂದು ಕೇಳುವುದಕ್ಕೆ ಮುಂಚೆ, ಪರವಾನಗಿ ಕೊಡುವವರು ಯಾರು, ಕೊಡುತ್ತಾರೆಯೇ ಎಂದು ನೋಡಬೇಕು.

1967ಕ್ಕೆ ಮುಂಚೆ ಅಲ್ಲಿದ್ದದ್ದು ಜೋರ್ಡಾನಿನ 1966ರ ನಗರ ಮತ್ತು ಗ್ರಾಮ ಯೋಜನಾ ಕಾಯ್ದೆ. ಅದರಲ್ಲಿ ಸ್ಥಳೀಯ ಸಮಿತಿ, ಜಿಲ್ಲಾ ಸಮಿತಿಗಳಿದ್ದವು. 1971ರ 418ನೇ ಸೇನಾ ಆದೇಶ ಇವನ್ನು ಕಿತ್ತುಹಾಕಿ, ಅಧಿಕಾರವನ್ನೆಲ್ಲ ಸೇನೆಯ ಅಧೀನದ ಉನ್ನತ ಯೋಜನಾ ಮಂಡಳಿಗೆ ಕೊಟ್ಟಿತು. ಅಲ್ಲಿ ಪ್ಯಾಲೆಸ್ಟೀನಿ ಹಳ್ಳಿಯವರಿಗೆ ಜಾಗವಿಲ್ಲ. ಪಕ್ಕದ ಬೆಟ್ಟದ ಮೇಲೆ ಇಸ್ರೇಲಿಗಳು ಕಟ್ಟಿಕೊಂಡ ವಸಾಹತಿಗೆ ಮಾತ್ರ ಅದರದ್ದೇ ಯೋಜನಾ ಸಮಿತಿ ಇದೆ.

ಇಸ್ರೇಲ್ ಮತ್ತು ಪ್ಯಾಲೆಸ್ಟೀನಿ ನಾಯಕರ ನಡುವಿನ 1995ರ ಎರಡನೇ ಓಸ್ಲೋ ಒಪ್ಪಂದ 'ಸಿ ಪ್ರದೇಶ' ಎಂದು ಇಸ್ರೇಲ್ ಹಿಡಿತದಲ್ಲೇ ಬಿಟ್ಟ, ವೆಸ್ಟ್ ಬ್ಯಾಂಕಿನ ಸುಮಾರು 60% ಭಾಗದಲ್ಲಿ ಅರ್ಜಿ ಹೀಗೆ ಸಾಗುತ್ತದೆ. ಮೊದಲು ಹಕ್ಕುಪತ್ರ ಬೇಕು. ಆದರೆ ಭೂನೋಂದಣಿಯ ಕೆಲಸವನ್ನು 1968ರಲ್ಲೇ ಸೇನಾ ಆದೇಶ ನಿಲ್ಲಿಸಿತು. ಆಗ ನೋಂದಣಿ ಆಗಿದ್ದದ್ದು ಮೂರನೇ ಒಂದು ಭಾಗದಷ್ಟು ಮಾತ್ರ. ಉಳಿದವರು ಹಳೆಯ ತೆರಿಗೆ ದಾಖಲೆ ಹುಡುಕಬೇಕು. ಜೊತೆಗೆ ಸರ್ವೆ ನಕ್ಷೆ, ಎಂಜಿನಿಯರ್ ನಕ್ಷೆ, ಶುಲ್ಕ. ಇಷ್ಟೆಲ್ಲ ಕೂಡಿಸಿ ಕೊಟ್ಟರೂ ಅರ್ಜಿ ಮುಗ್ಗರಿಸುವುದು ಬೇರೆಯೇ ಕಡೆ: ಆ ಜಾಗ, ಎಲ್ಲಿ ಏನು ಕಟ್ಟಬಹುದೆಂದು ಹೇಳುವ ಅನುಮೋದಿತ ವಿವರ ಯೋಜನೆಯೊಳಗೆ ಬರಬೇಕು. ಪ್ಯಾಲೆಸ್ಟೀನಿಯರಿಗಾಗಿ ಅಂಥ ಯೋಜನೆ ಇರುವುದು ಸಿ ಪ್ರದೇಶದ 1%ಕ್ಕೂ ಕಡಿಮೆ ನೆಲಕ್ಕೆ. ಉಳಿದೆಡೆ 1940ರ ದಶಕದ ಬ್ರಿಟಿಷ್ ನಕ್ಷೆ ತೋರಿಸಿ, ಇದು ಕೃಷಿ ವಲಯ ಎಂದು ತಳ್ಳಿಹಾಕುತ್ತಾರೆ. 2009ರಿಂದ 2018ರವರೆಗೆ ಬಂದ 4,400ಕ್ಕೂ ಹೆಚ್ಚು ಅರ್ಜಿಗಳಲ್ಲಿ ಮಂಜೂರಾದವು ನೂರಕ್ಕೂ ಕಡಿಮೆ. ಮಗನಿಗೆ ಮದುವೆಯಾದರೆ ಒಂದು ಕೋಣೆ ಏರಿಸಲೇಬೇಕಲ್ಲ, ಜನ ಕಟ್ಟುತ್ತಾರೆ.

ಆಮೇಲೆ ಕೆಲಸ ನಿಲ್ಲಿಸುವ ನೋಟಿಸ್ ಬರುತ್ತದೆ. ಅದನ್ನು ಎಷ್ಟೋ ಸಲ ಯಾರ ಕೈಗೂ ಕೊಡದೆ ಬಾಗಿಲಿಗೆ ಸಿಕ್ಕಿಸಿ ಅಥವಾ ಕಲ್ಲಿನಡಿ ಇಟ್ಟು ಹೋಗುತ್ತಾರೆ. ಗಡುವಿನ ಒಳಗೆ, ಇಸ್ರೇಲಿ ಸೇನಾ ಆಡಳಿತದ ಕಚೇರಿ ಇರುವ ಬೇತ್ ಎಲ್‌ನ ತಪಾಸಣಾ ಉಪಸಮಿತಿಯ ಮುಂದೆ ಹಾಜರಾಗದಿದ್ದರೆ ನೆಲಸಮ ಆದೇಶ ಹೊರಡುತ್ತದೆ. ಆದ್ದರಿಂದ ನೋಟಿಸ್ ಕಂಡ ಕೂಡಲೇ, ಅದು ಬಿದ್ದಿದ್ದ ಜಾಗದಲ್ಲೇ ಫೋಟೋ ತೆಗೆದು ದಿನಾಂಕ ಬರೆದಿಡುವುದು ತುಂಬ ಮುಖ್ಯ. ಉಳಿಯುವ ದಾರಿ ಇಸ್ರೇಲಿನ ಹೈಕೋರ್ಟಿನ ತಡೆಯಾಜ್ಞೆ. 2018ರ 1797ನೇ ಸೇನಾ ಆದೇಶ ಆ ದಾರಿಯನ್ನೂ ಕಿರಿದು ಮಾಡಿದೆ. ಹೊಸ ಕಟ್ಟಡವಾದರೆ ನೋಟಿಸ್ ಅಂಟಿಸಿ 96 ಗಂಟೆಗಳಾದ ಮೇಲೆ ಕೆಡವಬಹುದು. ನಾಲ್ಕು ದಿನದಲ್ಲಿ ವಕೀಲರನ್ನು ಹಿಡಿದು, ದಾಖಲೆ ಕೂಡಿಸಿ, ಕೋರ್ಟ್ ಮುಟ್ಟುವುದು ಕುರಿ ಮೇಯಿಸುವ ಕುಟುಂಬದಿಂದ ಆಗುವ ಮಾತಲ್ಲ.

ಪೂರ್ವ ಜೆರುಸಲೇಮಿನಲ್ಲಿ ಇಸ್ರೇಲ್ ತನ್ನದೇ ಕಾನೂನು ಹೇರಿದೆ. ಪ್ಯಾಲೆಸ್ಟೀನಿಯರು ಕಟ್ಟಬಹುದಾದ ವಲಯ ಅಲ್ಲಿ ಸುಮಾರು 13%, ಅದರಲ್ಲಿ ಬಹುಪಾಲು ಆಗಲೇ ತುಂಬಿದೆ. ನಗರಸಭೆ ಕೆಡವಿದರೆ ಬುಲ್ಡೋಜರಿನ ಖರ್ಚೂ ಮನೆಯವರ ತಲೆಗೆ. ಅದನ್ನು ತಪ್ಪಿಸಲು ಎಷ್ಟೋ ಜನ ತಾವೇ ಯಂತ್ರ ಬಾಡಿಗೆಗೆ ತಂದು ಸ್ವಂತ ಮನೆ ಒಡೆಯುತ್ತಾರೆ.

ಇನ್ನು ಪರವಾನಗಿ ಇದ್ದರೆ ಮನೆ ಉಳಿಯುತ್ತದೆಯೇ? ಜೆರುಸಲೇಮಿನ ಅಂಚಿನ ಸೂರ್ ಬಾಹಿರ್ ಊರಿನ ವಾದಿ ಅಲ್ ಹುಮ್ಮುಸ್ ಬಡಾವಣೆ ನೋಡಿ. ಅಲ್ಲಿ ಹಲವು ಕಟ್ಟಡಗಳು ಅದೇ ಓಸ್ಲೋ ಒಪ್ಪಂದ ಪ್ಯಾಲೆಸ್ಟೀನಿ ಆಡಳಿತಕ್ಕೆ ಬಿಟ್ಟ ವ್ಯಾಪ್ತಿಯಲ್ಲಿದ್ದವು, ಅದರ ಪರವಾನಗಿಯನ್ನೂ ಪಡೆದಿದ್ದವು. ಆದರೆ ಅವು ವೆಸ್ಟ್ ಬ್ಯಾಂಕನ್ನು ಬೇರ್ಪಡಿಸಲು ಇಸ್ರೇಲ್ ಕಟ್ಟಿದ ಬೇಲಿಯ ಪಕ್ಕದಲ್ಲಿದ್ದವು. ಬೇಲಿಯ ಹತ್ತಿರ ಕಟ್ಟಬಾರದೆಂದು 2011ರ ಸೇನಾ ಆದೇಶವಿತ್ತು. ಹೈಕೋರ್ಟ್ ಭದ್ರತೆಯ ಕಾರಣ ಒಪ್ಪಿತು. 2019ರ ಜುಲೈ 22ರಂದು ಸುಮಾರು 70 ಫ್ಲಾಟುಗಳಿದ್ದ ಕಟ್ಟಡಗಳು ನೆಲಕ್ಕುರುಳಿದವು.

ಈಗ ಮುಖ್ಯ ವಿಧಿಗೆ ಬರೋಣ. ಯುದ್ಧಕಾಲದಲ್ಲಿ ನಾಗರಿಕರನ್ನು ಕಾಪಾಡುವ 1949ರ ನಾಲ್ಕನೇ ಜಿನೀವಾ ಒಪ್ಪಂದದ 53ನೇ ವಿಧಿ, ಆಕ್ರಮಿತ ಪ್ರದೇಶದಲ್ಲಿ ಜನರ ಆಸ್ತಿ ನಾಶ ಮಾಡುವುದನ್ನು ನಿಷೇಧಿಸುತ್ತದೆ. ಅದಕ್ಕಿರುವ ಅಪವಾದ ಒಂದೇ: ಸೇನಾ ಕಾರ್ಯಾಚರಣೆಗೆ ಆ ನಾಶ ಸಂಪೂರ್ಣ ಅನಿವಾರ್ಯವಾಗಿದ್ದರೆ. ಕಾರ್ಯಾಚರಣೆ ಎಂದರೆ ಹೋರಾಟಕ್ಕೆ ಸಂಬಂಧಿಸಿದ ಸೇನೆಯ ಚಲನೆ, ಕ್ರಮಗಳು ಎಂದು ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿ 1981ರಲ್ಲೇ ವಿವರಿಸಿದೆ. ನಕ್ಷೆ ಮಂಜೂರಾಗಲಿಲ್ಲ ಎನ್ನುವುದು ಇದರೊಳಗೆ ಬರುವುದೇ ಇಲ್ಲ. ಮನೆ ಕೆಡವಿದ್ದರಿಂದ ಜನ ಊರು ಬಿಡಬೇಕಾದರೆ, ಬಲವಂತದ ಸ್ಥಳಾಂತರ ನಿಷೇಧಿಸುವ 49ನೇ ವಿಧಿಯೂ ಅನ್ವಯಿಸುತ್ತದೆ. ಸೇನಾ ಅಗತ್ಯವಿಲ್ಲದೆ ವ್ಯಾಪಕವಾಗಿ ಆಸ್ತಿ ನಾಶ ಮಾಡಿದರೆ ಅದು 147ನೇ ವಿಧಿಯಡಿ ಗಂಭೀರ ಉಲ್ಲಂಘನೆ.

ದಾಳಿ ನಡೆಸಿದವನ ಅಪ್ಪ ಅಮ್ಮ, ಹೆಂಡತಿ ಮಕ್ಕಳು ಇರುವ ಮನೆಯನ್ನು ಶಿಕ್ಷೆಯಾಗಿ ಕೆಡವುವುದು ಬೇರೆ ಬಗೆ. ಅದಕ್ಕೆ ಬಳಸುವುದು 1945ರ ಬ್ರಿಟಿಷ್ ತುರ್ತು ನಿಯಮಾವಳಿಯ 119ನೇ ನಿಯಮ. ಇದು ಜಿನೀವಾ ಒಪ್ಪಂದಕ್ಕೆ ವಿರುದ್ಧವೆಂದು ಇಸ್ರೇಲ್ ವಿದೇಶಾಂಗ ಇಲಾಖೆಯ ಕಾನೂನು ಸಲಹೆಗಾರ ಥಿಯೊಡೊರ್ ಮೆರಾನ್ 1968ರಲ್ಲೇ ತಮ್ಮ ಸರ್ಕಾರಕ್ಕೆ ಬರೆದಿದ್ದರು. 2005ರಲ್ಲಿ ಸೇನೆಯದೇ ಸಮಿತಿಯ ಶಿಫಾರಸಿನ ಮೇಲೆ ಈ ಪದ್ಧತಿ ನಿಂತಿತು. ವೆಸ್ಟ್ ಬ್ಯಾಂಕಿನಲ್ಲಿ 2014ರಲ್ಲಿ ಮತ್ತೆ ಶುರುವಾಯಿತು. ತಪ್ಪು ಮಾಡದವರನ್ನು ಶಿಕ್ಷಿಸಬಾರದೆಂಬ ಅದೇ ಜಿನೀವಾ ಒಪ್ಪಂದದ 33ನೇ ವಿಧಿಯನ್ನು ಇದು ನೇರವಾಗಿ ಮುರಿಯುತ್ತದೆ ಎಂಬುದು ನಮ್ಮ ಖಚಿತ ಅಭಿಪ್ರಾಯ. ಆರೋಪಿಯ ಮನೆ ಎಂಬ ಕಾರಣಕ್ಕೆ ಬುಲ್ಡೋಜರ್ ಹರಿಸಕೂಡದು ಎಂದು ನಮ್ಮ ಸುಪ್ರೀಂ ಕೋರ್ಟ್ 2024ರ ನವೆಂಬರ್ 13ರಂದು ಹೇಳಿದಾಗ ಅದರ ಮುಂದಿದ್ದ ಅನ್ಯಾಯವೂ ಇದೇ ಜಾತಿಯದು.

2024ರ ಜುಲೈ 19ರ ಸಲಹಾ ಅಭಿಪ್ರಾಯದಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಎರಡೂ ಬಗೆಯನ್ನು ಪರಿಶೀಲಿಸಿತು. ಶಿಕ್ಷೆಯ ನೆಲಸಮ ಯುದ್ಧಕಾಲದ ಮಾನವೀಯ ಕಾನೂನಿಗೆ ವಿರುದ್ಧ, ಪರವಾನಗಿ ಇಲ್ಲವೆಂದು ಕೆಡವುವ ಪದ್ಧತಿ ನಿಷೇಧಿತ ತಾರತಮ್ಯ ಎಂದಿತು. ಆದ ಹಾನಿಯನ್ನು ಇಸ್ರೇಲ್ ತುಂಬಿಕೊಡಬೇಕು ಎಂದೂ ಹೇಳಿತು. ಅದರ ಬೆನ್ನಿಗೆ ಸೆಪ್ಟೆಂಬರ್ 18ರಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಆ ಅಭಿಪ್ರಾಯವನ್ನು ಇಸ್ರೇಲ್ ಪಾಲಿಸಬೇಕೆಂಬ ನಿರ್ಣಯ ಬಂದಾಗ ಭಾರತ ಮತ ಹಾಕಲಿಲ್ಲ. ಜಿನೀವಾ ಒಪ್ಪಂದಗಳನ್ನು 1950ರಲ್ಲೇ ಅಂಗೀಕರಿಸಿದ ದೇಶ ದೂರ ನಿಂತದ್ದು ನಮಗೆ ನೋವಿನ ವಿಷಯ.

ಪರಿಹಾರ ಸಿಗುತ್ತದೆಯೇ ಎಂದೂ ಕೇಳುತ್ತಾರೆ. ಸದ್ಯಕ್ಕೆ ಇರುವುದು ಬೇಲಿ ನಿರ್ಮಾಣದ ಹಾನಿಗಾಗಿ ವಿಶ್ವಸಂಸ್ಥೆ ವಿಯೆನ್ನಾದಲ್ಲಿ ತೆರೆದ ನಷ್ಟ ನೋಂದಣಿ ಕಚೇರಿ. ಅದು ಅರ್ಜಿಯನ್ನು ದಾಖಲಿಸುತ್ತದೆ, ಹಣ ಕೊಡುವುದಿಲ್ಲ. ಪರವಾನಗಿಯ ನೆಪದಲ್ಲಿ ಹೋದ ಮನೆ, ಬೇಲಿಗೆ ಸಂಬಂಧವಿಲ್ಲದಿದ್ದರೆ, ಆ ಪಟ್ಟಿಗೂ ಸೇರುವುದಿಲ್ಲ. ಅದಕ್ಕೇ ತೆರಿಗೆ ರಸೀದಿ, ತಿರಸ್ಕೃತ ಅರ್ಜಿ, ನೋಟಿಸಿನ ಫೋಟೋ, ಕೆಡವುವ ಮುಂಚಿನ ಮತ್ತು ನಂತರದ ಚಿತ್ರಗಳನ್ನು ಮನೆಯಿಂದ ಹೊರಗೆ, ಇನ್ನೊಬ್ಬರ ಬಳಿ ಒಂದು ಪ್ರತಿ ಇಡಿ ಎಂದು ಅಲ್ಲಿನ ಕುಟುಂಬಗಳಿಗೆ ಹೇಳಬೇಕಾಗುತ್ತದೆ. ಮನೆಯೊಳಗೇ ಇಟ್ಟರೆ ಅವೂ ಗೋಡೆಯ ಜೊತೆ ಹೋಗುತ್ತವೆ.